ಪಾರ್ಕು ಹೇಗಿರಬೇಕೆಂದು ಕೇಳಿದರು

ಕರಪತ್ರ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ನಾನು ದೋಸೆ ಹಿಟ್ಟಿನ ಕೈ ತೊಳೆದುಕೊಂಡು ಬರುವಷ್ಟರಲ್ಲಿ ನಮ್ಮವರು ಅದನ್ನು ತುಂಬಿಸಿ, ಸಹಿ ಹಾಕಿ, ತಂದ ಹುಡುಗನ ಕೈಗೆ ವಾಪಸು ಕೊಟ್ಟೂ ಆಗಿತ್ತು. ಬಡಾವಣೆಯ ಪಾರ್ಕನ್ನು ನಗರಸಭೆಯವರು ಹೊಸದಾಗಿ ಮಾಡುತ್ತಾರಂತೆ, ನಿವಾಸಿಗಳ ಸಲಹೆ ಬೇಕಂತೆ. ‘ಏನು ಬರೆದಿರಿ?’ ಎಂದು ಕೇಳಿದೆ. ‘ವಾಕಿಂಗ್ ಪಾತ್ ಅಂತ ಬರೆದೆ. ಇನ್ನೇನು ಬೇಕು?’ ಎಂದರು. ಅವರ ತಪ್ಪೂ ಇರಲಿಲ್ಲ ಅನ್ನಿ. ಆ ಕಾಗದದಲ್ಲಿದ್ದದ್ದು ‘ಕುಟುಂಬದ ಯಜಮಾನರ ಹೆಸರು’ ಎಂಬ ಒಂದು ಗೆರೆ, ಸಲಹೆಗೆ ಎರಡು ಗೆರೆ. ಒಂದು ಮನೆಗೆ ಒಂದೇ ಬಾಯಿ ಎಂದು ಲೆಕ್ಕ.

ನಮ್ಮ ಪಾರ್ಕು ದೊಡ್ಡದೇನಲ್ಲ. ಸುತ್ತ ಕಾಂಪೌಂಡು, ಒಂದೇ ಗೇಟು, ಮೂಲೆಯಲ್ಲಿ ಹಳೆಯ ಹೊಂಗೆ ಮರ, ಅದಕ್ಕೊಂದು ಕಟ್ಟೆ. ಕಟ್ಟೆಯ ಮೇಲೆ ಮಧ್ಯಾಹ್ನದಿಂದ ಇಸ್ಪೀಟು. ನಡುವೆ ಬಯಲು, ಅಲ್ಲಿ ಸಂಜೆ ಹುಡುಗರ ಕ್ರಿಕೆಟ್ಟು. ಒಂದು ಜಾರುಬಂಡೆಯ ತಗಡು ತೂತಾಗಿ, ಎರಡು ಉಯ್ಯಾಲೆಗಳಲ್ಲಿ ಒಂದರ ಸರಪಳಿ ಕಳುವಾಗಿ ವರ್ಷಗಳೇ ಕಳೆದಿವೆ. ಭಾನುವಾರ ಹತ್ತು ಗಂಟೆಗೆ ಸಮುದಾಯ ಭವನದಲ್ಲಿ ಸಭೆ ಕರೆದರು. ಭಾನುವಾರ ಹತ್ತು ಗಂಟೆಗೆ ಯಾವ ಮನೆಯ ಹೆಂಗಸು ಅಡುಗೆಮನೆಯಿಂದ ಹೊರಗೆ ಬರುತ್ತಾಳೆ ಹೇಳಿ? ನಾನು ಅನ್ನಕ್ಕಿಟ್ಟು ಓಡಿದೆ. ಹೋಗಿ ನೋಡಿದರೆ ನನ್ನನ್ನು ಸೇರಿಸಿ ಮೂವರು. ಕಾರಂಜಿ ಬೇಕು, ಬೇಡ ಎಂಬ ಮಾತಿನಲ್ಲೇ ಒಂದು ಗಂಟೆ ಕಳೆಯಿತು. ಬಾಯಿ ತೆರೆಯದೆ ಎದ್ದು ಬಂದೆ. ಅನ್ನ ತಳ ಹತ್ತಿತ್ತು.

ಆ ಸಿಟ್ಟಿನಲ್ಲೇ ನಾನು ಪಾರ್ಕುಗಳ ಚರಿತ್ರೆ ಓದಲು ಶುರುಮಾಡಿದ್ದು.

ಜನರನ್ನು ಕೇಳಿ ಪಾರ್ಕು ಮಾಡುವುದು ಎಂಬುದೇ ತೀರಾ ಈಚಿನ ಸಂಗತಿ. ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕನ್ನೇ ನೋಡಿ. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಅದನ್ನು ನೂರು ಎಕರೆಯಲ್ಲಿ ರೂಪಿಸಿದರು. ಊರಿನವರ ಅಭಿಪ್ರಾಯ ಕೇಳುವ ರೂಢಿ ಆ ಕಾಲದ ಆಡಳಿತಕ್ಕೆ ಎಲ್ಲಿಂದ ಬರಬೇಕು? ಮೊದಲು ಅದಕ್ಕೆ ಆಗಿನ ಕಮಿಷನರ್ ಮೀಡ್ ಅವರ ಹೆಸರು, ಆಮೇಲೆ ಅವರಿಗಿಂತ ಹಿಂದಿನ ಕಮಿಷನರ್ ಕಬ್ಬನ್ ಅವರ ಹೆಸರು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದಾಯಿತು. ಜನ ಮಾತ್ರ ಕಬ್ಬನ್ ಪಾರ್ಕ್ ಎಂದೇ ಉಳಿಸಿಕೊಂಡರು. ಯಾರೂ ಕೇಳದೆ ಜನ ಕೊಟ್ಟ ಅಭಿಪ್ರಾಯ ಅದೊಂದೇ ಇರಬೇಕು.

ಕೇಳದಿದ್ದರೂ ಹೇಳಿಯೇ ತೀರುತ್ತೇವೆ ಎಂದು ಹೊರಟವರೂ ಬೆಂಗಳೂರಿನಲ್ಲೇ ಇದ್ದರು. ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಒಂದು ಜಾಗವನ್ನು ಒಂದು ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟಲು ಕೊಡಬೇಕೆಂದು 1976ರಲ್ಲಿ ಮೇಲಿನಿಂದ ಆದೇಶ ಬಂತು. ಆಸ್ಪತ್ರೆ ಬೇಡ ಎನ್ನುವುದು ಸುಲಭದ ಮಾತಲ್ಲ. ಹಾಗೆಂದವರು ಸ್ವಾರ್ಥಿಗಳ ಹಾಗೆ ಕಾಣುತ್ತಾರೆ. ಆದರೂ ಆ ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಮೊದಲು ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಕೊನೆಗೆ 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿಯೇ ಹೇಳಿತು: ಪಾರ್ಕಿಗೆಂದು ಕಾದಿರಿಸಿದ ಜಾಗವನ್ನು ಹಾಗೆ ಖಾಸಗಿಯವರ ಆಸ್ಪತ್ರೆಗೆ ಕೊಡಲಾಗದು, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ. ಇಂದಿಗೂ ದೇಶದಲ್ಲಿ ಎಲ್ಲೇ ಪಾರ್ಕಿನ ತಕರಾರು ಬಂದರೂ ವಕೀಲರು ನೆನೆಸಿಕೊಳ್ಳುವುದು ಈ ತೀರ್ಪನ್ನು.

ಪಾರ್ಕು ಉಳಿಸಿಕೊಳ್ಳುವುದು ಒಂದಾದರೆ, ಅದರೊಳಗೆ ಏನಿರಬೇಕು ಎಂದು ಹೇಳುವುದು ಇನ್ನೊಂದು. ಇದಕ್ಕೆ ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಕಥೆ ಕೇಳಬೇಕು. ಹತ್ತು ಎಕರೆಗೂ ಸ್ವಲ್ಪ ಕಡಿಮೆಯ ಪಾರ್ಕು ಅದು. ಒಂದು ಕಾಲದಲ್ಲಿ ಬಡವರ ಹೆಣ ಹೂಳುತ್ತಿದ್ದ ನೆಲ. ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ ಇದ್ದರು, ಆ ನಗರದ ರಸ್ತೆ, ಸೇತುವೆ, ಪಾರ್ಕುಗಳೆಲ್ಲ ಅವರ ಮುಷ್ಟಿಯಲ್ಲಿ. 1950ರ ದಶಕದ ಆರಂಭದಲ್ಲಿ ಅವರು ಆ ಪಾರ್ಕಿನ ಮೂಲಕ ದೊಡ್ಡ ರಸ್ತೆ ಹಾಯಿಸಲು ಹೊರಟರು. ಎದ್ದು ನಿಂತವರು ಶರ್ಲಿ ಹೇಯ್ಸ್, ನಾಲ್ಕು ಗಂಡುಮಕ್ಕಳ ತಾಯಿ. ಮಕ್ಕಳನ್ನು ದಿನಾ ಆ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದವರು. ರಸ್ತೆಯ ಅಗಲ ಕಡಿಮೆ ಮಾಡಿ ಎಂದು ಚೌಕಾಸಿ ಮಾಡುವವರು ಬೇಕಾದಷ್ಟು ಜನ ಇದ್ದರು. ಈಕೆ ಚೌಕಾಸಿಗೇ ಇಳಿಯಲಿಲ್ಲ. ಹೊಸ ರಸ್ತೆ ಬೇಡ, ಈಗ ಓಡಾಡುತ್ತಿರುವ ವಾಹನಗಳೂ ಬೇಡ ಎಂದರು. ಮನೆಮನೆ ಸುತ್ತಿ ಸಹಿ ಸಂಗ್ರಹಿಸಿದರು. ಆಗಿನ್ನೂ ಹೆಸರು ಮಾಡಿರದ ಜೇನ್ ಜೇಕಬ್ಸ್, ಮಾಜಿ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಎಲ್ಲರೂ ಜೊತೆಗೂಡಿದರು. ಇದನ್ನು ವಿರೋಧಿಸುತ್ತಿರುವವರು ತಾಯಂದಿರ ಒಂದು ಗುಂಪು ಮಾತ್ರ ಎಂದು ಮೋಸೆಸ್ ಸಭೆಯೊಂದರಲ್ಲಿ ರೇಗಿದ್ದನ್ನು ಜೇಕಬ್ಸ್ ಎಷ್ಟೋ ವರ್ಷಗಳ ನಂತರ ನಗುತ್ತಾ ಹೇಳಿಕೊಂಡಿದ್ದಾರೆ. 1958ರ ನವೆಂಬರಿನಲ್ಲಿ ಪಾರ್ಕಿಗೆ ವಾಹನ ನಿಂತಿತು. ಮೊದಲು ಪ್ರಯೋಗಕ್ಕೆಂದು, ಆಮೇಲೆ ಕಾಯಂ ಆಗಿ. ಆ ದಿನ ರಿಬ್ಬನ್ ಕತ್ತರಿಸಲಿಲ್ಲ, ಕಟ್ಟಿದರು. ದಾರಿಗೆ ಅಡ್ಡಲಾಗಿ ರಿಬ್ಬನ್ ಹಿಡಿದು ನಿಂತವರಲ್ಲಿ ಜೇಕಬ್ಸ್ ಅವರ ಪುಟ್ಟ ಮಗಳೂ ಇದ್ದಳು.

ಓದುತ್ತಾ ನನಗೆ ಖುಷಿಯಾಯಿತು. ಆದರೆ ಗಂಟಲಲ್ಲಿ ಸಿಕ್ಕಿಕೊಂಡ ಹಾಗಾದದ್ದು ವಿಯೆನ್ನಾದ ಕಥೆ ಓದಿದಾಗ.

ನಮ್ಮ ಸುಪ್ರೀಂ ಕೋರ್ಟು ಆ ತೀರ್ಪು ಕೊಟ್ಟ 1991ರಲ್ಲೇ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಒಂದು ಛಾಯಾಚಿತ್ರ ಪ್ರದರ್ಶನ ನಡೆಯಿತು. ಸಾರ್ವಜನಿಕ ಜಾಗ ಯಾರದು ಎಂಬ ಪ್ರಶ್ನೆಯೇ ಅದರ ಹೆಸರು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಬದುಕಿನ ಹೆಂಗಸರು ಊರಿನಲ್ಲಿ ಹೇಗೆ ಓಡಾಡುತ್ತಾರೆ ಎಂದು ಅವರ ಹಿಂದೆಯೇ ಹೋಗಿ ತೆಗೆದ ಚಿತ್ರಗಳು. ಅದನ್ನು ಏರ್ಪಡಿಸಿದವರಲ್ಲಿ ಒಬ್ಬರು ನಗರ ಯೋಜಕಿ ಇವಾ ಕೈಲ್. ನೋಡಲು ಜನ ಮುಗಿಬಿದ್ದರು. ಮರುವರ್ಷ ನಗರಾಡಳಿತದಲ್ಲಿ ಹೆಂಗಸರ ವಿಷಯಕ್ಕೇ ಒಂದು ಕಚೇರಿ ತೆರೆದರು. ಕೆಲವು ವರ್ಷಗಳ ನಂತರ ಪಾರ್ಕುಗಳಲ್ಲಿ ಮಕ್ಕಳನ್ನು ಗಮನಿಸಿ ಒಂದು ಅಧ್ಯಯನ ಮಾಡಿದಾಗ ವಿಚಿತ್ರವೊಂದು ಕಂಡಿತು. ಸುಮಾರು ಒಂಬತ್ತು ವರ್ಷದವರೆಗೆ ಹುಡುಗ ಹುಡುಗಿಯರು ಇಬ್ಬರೂ ಪಾರ್ಕಿಗೆ ಬರುತ್ತಾರೆ. ಅದರ ಮೇಲೆ ಹುಡುಗರು ಬರುತ್ತಲೇ ಇರುತ್ತಾರೆ, ಹುಡುಗಿಯರು ಕಾಣೆಯಾಗುತ್ತಾರೆ. ಯಾರೂ ಅವರನ್ನು ಓಡಿಸಿರಲಿಲ್ಲ. ನಡುವೆ ಒಂದೇ ದೊಡ್ಡ ಬಯಲಿದ್ದರೆ ಅದು ಚೆಂಡಾಡುವ ಹುಡುಗರದ್ದಾಗುತ್ತದೆ, ಜಾಗಕ್ಕೆ ಪೈಪೋಟಿ ಬಂದಾಗ ಹುಡುಗಿಯರು ಬಿಟ್ಟುಕೊಟ್ಟು ಹೊರಟುಹೋಗುತ್ತಾರೆ, ಅಷ್ಟೆ.

ಹಾಗಾಗಿ 1999ರ ಹೊತ್ತಿಗೆ ಮಾರ್ಗರೆಟನ್ ಎಂಬ ಅಲ್ಲಿಯ ಐದನೆಯ ವಾರ್ಡಿನಲ್ಲಿ ಎರಡು ಪಾರ್ಕುಗಳನ್ನು ಆರಿಸಿಕೊಂಡು ಬದಲಾಯಿಸಿದರು. ಮಹಾ ಖರ್ಚಿನ ಕೆಲಸವೇನಲ್ಲ. ದೊಡ್ಡ ಬಯಲನ್ನು ಗಿಡ, ದಿಬ್ಬಗಳಿಂದ ಸಣ್ಣ ಸಣ್ಣ ಜಾಗಗಳಾಗಿ ಒಡೆದರು. ಕಾಲುದಾರಿಗಳನ್ನು ಹೆಚ್ಚಿಸಿದರು. ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಜಾಗ ಕೊಟ್ಟರು. ಹುಡುಗಿಯರು ತಿರುಗಿ ಬಂದರು. ಹುಡುಗರೂ ಎಲ್ಲೂ ಹೋಗಲಿಲ್ಲ, ಅವರ ಪಾಡಿಗೆ ಅವರು ಆಡಿಕೊಂಡಿದ್ದರು.

ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ನನ್ನ ಮಗಳು ನಮ್ಮ ಪಾರ್ಕಿಗೆ ಹೋಗುವುದನ್ನು ಬಿಟ್ಟದ್ದು ಐದನೇ ಕ್ಲಾಸು ಮುಗಿದ ಬೇಸಿಗೆ ರಜೆಯಲ್ಲಿ. ಅವಳಿಗೆ ಓದು ಜಾಸ್ತಿಯಾಯಿತು, ಪುಸ್ತಕದ ಹುಳು ಎಂದು ಎಲ್ಲರೆದುರು ಹೊಗಳಿಕೊಂಡು ತಿರುಗಿದವಳು ನಾನು. ಅವಳೀಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ರಾತ್ರಿ ಫೋನು ಮಾಡಿ ಕೇಳಿದೆ. ‘ನೀನೇ ಅಲ್ವೇನಮ್ಮ, ದೊಡ್ಡವಳಾಗ್ತಿದ್ದೀಯ, ಕತ್ತಲಾಗೋಕೆ ಮುಂಚೆ ಒಳಗೆ ಬಾ ಅಂತಿದ್ದೆ? ನಾವು ಸ್ಕೂಲಿಂದ ಬರೋದೇ ಐದು ಗಂಟೆಗೆ’ ಎಂದಳು. ನಾನು ಮಾತಾಡಲಿಲ್ಲ. ಅವಳೇ, ‘ಹೋಗಲಿ ಬಿಡು, ನೀನು ಕಳಿಸಿದ್ರೂ ಷಟ್ಲ್ ಆಡೋಕೆ ಜಾಗ ಎಲ್ಲಿತ್ತು? ಆ ಹುಡುಗರ ಬಾಲು ಒಂದು ಸಲ ಬೆನ್ನಿಗೆ ಬಡಿದಿತ್ತು. ನಿನಗೆ ಹೇಳಲಿಲ್ಲ. ಹೇಳಿದ್ರೆ ಪೂರ್ತಿ ನಿಲ್ಲಿಸ್ತಿದ್ದೆ’ ಎಂದಳು. ನಿಜ, ನಿಲ್ಲಿಸುತ್ತಿದ್ದೆ.

ಮಾರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ, ಪಾತ್ರೆ ತೊಳೆದು ಹೆಂಗಸರು ಸ್ವಲ್ಪ ಕಾಲು ಚಾಚುವ ಹೊತ್ತಿಗೆ, ಒಂದು ನೋಟ್‌ಬುಕ್ಕು ಹಿಡಿದು ಹೊರಟೆ. ಪಕ್ಕದ ಮನೆಯವರು, ಮೊದಲ ಸಭೆಗೆ ಬಂದಿದ್ದ ಮೂವರಲ್ಲಿ ಒಬ್ಬರು, ಜೊತೆಗೆ ಬಂದರು. ಮೊದಮೊದಲು ಎಲ್ಲರದ್ದೂ ಒಂದೇ ಉತ್ತರ: ‘ನಮಗೇನು ಗೊತ್ತಾಗುತ್ತೆ, ನಮ್ಮ ಯಜಮಾನರು ಬರೆದುಕೊಟ್ಟಿದಾರಲ್ಲ.’ ಪಾರ್ಕು ಹೇಗಿರಬೇಕು ಎಂದು ಕೇಳುವುದನ್ನೇ ಬಿಟ್ಟೆವು. ನೀವು ಪಾರ್ಕಿಗೆ ಯಾಕೆ ಹೋಗುವುದಿಲ್ಲ ಎಂದು ಕೇಳತೊಡಗಿದೆವು. ನೋಡಿ, ಮಾತು ನಿಲ್ಲಲೇ ಇಲ್ಲ. ಬಸುರಿಯಾಗಿದ್ದ ಒಬ್ಬ ಹುಡುಗಿ, ಒರಗಿಕೊಳ್ಳಲು ಬೆನ್ನಿಲ್ಲದ ಕಲ್ಲು ಬೆಂಚಿನ ಮೇಲೆ ಎಷ್ಟು ಹೊತ್ತು ಕೂರಲಿ ಎಂದಳು. ಎಪ್ಪತ್ತು ದಾಟಿದ ಅಜ್ಜಿ ಧ್ವನಿ ಇಳಿಸಿ, ‘ಒಂದಕ್ಕೆ ಬಂದರೆ ಎಲ್ಲಿಗೆ ಹೋಗಲವ್ವಾ?’ ಎಂದರು. ಗೇಟು ಇರುವುದು ಬಾರಿನ ಕಡೆಯ ಬೀದಿಗೆ, ಅಲ್ಲಿ ಹಾದು ಯಾರು ಹೋಗುತ್ತಾರೆ ಎಂದರು ಹಲವರು. ಮನೆಗೆಲಸಕ್ಕೆ ಬರುವವರನ್ನು ಯಾರ ಕಾಗದವೂ ಕೇಳಿರಲಿಲ್ಲ. ಅವರು ಎರಡು ಮನೆಗಳ ಕೆಲಸದ ನಡುವೆ ಬುತ್ತಿ ಬಿಚ್ಚುವುದು ಆ ಪಾರ್ಕಿನಲ್ಲೇ. ಅವರಿಗೆ ಬೇಕಿದ್ದದ್ದು ಒಂದು ನಲ್ಲಿ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡು, ನಾವು ಹೊರಡುವಾಗ, ‘ಆಂಟಿ, ಷಟ್ಲ್ ಕೋರ್ಟ್ ಅಂತ ಬರ್ಕೊಳ್ಳಿ’ ಎಂದಳು. ಅವಳ ತಾಯಿ, ‘ಸುಮ್ನಿರೇ, ಯಾರು ಆಡ್ತಾರೆ’ ಎಂದರು. ನಾನು ದಪ್ಪ ಅಕ್ಷರದಲ್ಲಿ ಬರೆದುಕೊಂಡೆ.

ಎರಡನೆಯ ಸಭೆಯನ್ನು ಸಂಜೆ ನಾಲ್ಕಕ್ಕೆ ಇಡಿ ಎಂದು ಮೊದಲೇ ಹೇಳಿಬಂದಿದ್ದೆವು. ಹೆಂಗಸರು ಚಾಪೆ ಸಾಲದಷ್ಟು ಬಂದರು. ನಾನು ನೋಟ್‌ಬುಕ್ಕು ತೆಗೆದು ಓದಿದೆ. ಕೈ ನಡುಗುತ್ತಿತ್ತು. ಶೌಚಾಲಯದ ಮಾತು ಬಂದಾಗ ಒಬ್ಬ ಹಿರಿಯರು, ಪಾರ್ಕಿನಲ್ಲಿ ಗಲೀಜು ಬೇಡ ಎಂದರು. ಆ ಅಜ್ಜಿ ಕೂತಲ್ಲಿಂದಲೇ, ‘ನೀವು ಗೋಡೆಗೆ ನಿಲ್ತೀರಲ್ಲ, ಅದೇನು ಗಂಧವೇ?’ ಎಂದುಬಿಟ್ಟರು. ಆಮೇಲೆ ಸಭೆ ನಮ್ಮದಾಯಿತು. ಎಂಜಿನಿಯರು ಚಿಕ್ಕ ವಯಸ್ಸಿನವರು. ನಗುತ್ತಾ, ಎಲ್ಲ ಬರೆದುಕೊಂಡರು.

ಬರೆದುಕೊಂಡದ್ದೆಲ್ಲ ಆಗಲಿಲ್ಲ. ಶೌಚಾಲಯದ ಪ್ರಸ್ತಾಪ ಅಂದಾಜುಪಟ್ಟಿ ದಾಟಲಿಲ್ಲ, ಕಾರಂಜಿಯ ಪ್ರಸ್ತಾಪ ದಾಟಿತು. ಬೆನ್ನಿರುವ ಬೆಂಚು ಆರು ಬಂದವು. ನಲ್ಲಿ ಬಂತು, ಬೆಳಿಗ್ಗೆ ಮಾತ್ರ ನೀರು. ಬಯಲಿನ ಮೂರನೇ ಒಂದು ಭಾಗಕ್ಕೆ ದಾಸವಾಳದ ಬೇಲಿ ಹಾಕಿ, ಆಚೆಗೆ ಷಟ್ಲ್ ಕೋರ್ಟಿಗೆ ನೆಲ ಸಮ ಮಾಡಿಕೊಟ್ಟರು. ದಾಸವಾಳ ಬೆಳೆಯುವ ಮೊದಲೇ ಅದರ ಮೊಗ್ಗು ಕೀಳುವವರ ಜಗಳ ಶುರುವಾಗಿದೆ. ನಮ್ಮ ಬೀದಿಯ ಕಡೆಗೆ ಎರಡನೇ ಗೇಟನ್ನೂ ಇಟ್ಟರು. ಅದಕ್ಕೆ ಮಾತ್ರ ಸಂಜೆ ಆರಕ್ಕೇ ಬೀಗ ಬೀಳುತ್ತದೆ. ಬಾರಿನ ಕಡೆಯ ಗೇಟು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಯಾಕೆ ಹೀಗೆ ಎಂದು ಕಾವಲುಗಾರನನ್ನು ಕೇಳಿದರೆ, ‘ಆ ಕಡೆಯಿಂದ ಹೆಂಗಸರು ಮಕ್ಕಳೇ ಬರೋದಲ್ವೇನಮ್ಮ, ಕತ್ತಲಾದ ಮೇಲೆ ಯಾಕೆ’ ಎನ್ನುತ್ತಾನೆ. ಅವನ ಮಾತು ಕೇಳಿ ನನಗೆ ನನ್ನದೇ ಧ್ವನಿ ಕೇಳಿದ ಹಾಗಾಯಿತು. ಸೋಮವಾರ ಆ ಬೀಗದ ವಿಷಯ ಮಾತಾಡಲು ನಾವು ಏಳು ಜನ ನಗರಸಭೆಗೆ ಹೋಗುವುದೆಂದು ಆಗಿದೆ. ಎಂಟನೇ ಕ್ಲಾಸಿನ ಆ ಹುಡುಗಿಯೂ ಬರುತ್ತೇನೆ ಎಂದಿದ್ದಾಳೆ. ಅವಳ ತಾಯಿ ಈ ಸಲ ಸುಮ್ಮನಿರು ಎನ್ನಲಿಲ್ಲ.