ದೀಪ ಆರಿಸಿದ ಊರು



ಸಂಜೆ ಓದಲು ಕುಳಿತಾಗ ಕರೆಂಟು ಹೋದರೆ ನೀವೇನು ಮಾಡುತ್ತೀರಿ? ಗೊಣಗಿಕೊಂಡು ಮೇಣದ ಬತ್ತಿ ಹುಡುಕುತ್ತೀರಿ, ಅಲ್ಲವೇ? 1990ರ ಮಾರ್ಚ್ ತಿಂಗಳ ಕೊನೆಯಲ್ಲಿ ನೇಪಾಳದ ರಾಜಧಾನಿ ಕಠ್ಮಂಡುವಿನ ಜನ ಕರೆಂಟು ಇರುವಾಗಲೇ ಮನೆಯ ದೀಪ ಆರಿಸಿ ಕತ್ತಲಲ್ಲಿ ಕುಳಿತರು. ಮೆರವಣಿಗೆ ಹೊರಟರೆ ಲಾಠಿ ಬೀಳುತ್ತದೆ, ಭಾಷಣ ಮಾಡಿದರೆ ಸೆರೆಮನೆ. ಆದರೆ ತನ್ನ ಮನೆಯ ದೀಪವನ್ನು ತಾನೇ ಆರಿಸಿಕೊಂಡವನನ್ನು ಯಾವ ಪೊಲೀಸಿನವನು ಹಿಡಿದಾನು? ಅರಮನೆಗೆ ಅದು ಊರಿನವರೆಲ್ಲ ಸೇರಿ ಬರೆದ ಅರ್ಜಿಯಂತಿತ್ತು.

ಈ ಅರ್ಜಿಯ ಹಿಂದೆ ಮೂವತ್ತು ವರ್ಷಗಳ ಕಥೆಯಿದೆ. 1959ರಲ್ಲಿ ನೇಪಾಳದಲ್ಲಿ ಮೊದಲ ಮಹಾಚುನಾವಣೆ ನಡೆದು ಬಿ. ಪಿ. ಕೊಯಿರಾಲ ಪ್ರಧಾನಿಯಾದರು. 1960ರ ಡಿಸೆಂಬರ್ 15ರಂದು ದೊರೆ ಮಹೇಂದ್ರ ಆ ಸರ್ಕಾರವನ್ನು ವಜಾ ಮಾಡಿ ಪ್ರಧಾನಿಯನ್ನೇ ಸೆರೆಗೆ ತಳ್ಳಿದರು. ರಾಜಕೀಯ ಪಕ್ಷಗಳಿಗೆ ನಿಷೇಧ ಬಿತ್ತು. ಅವುಗಳ ಜಾಗದಲ್ಲಿ 1962ರಲ್ಲಿ 'ಪಂಚಾಯತ್ ವ್ಯವಸ್ಥೆ' ಬಂದಿತು. ಪಂಚಾಯತಿ ಎಂದರೆ ನಮಗೆ ಊರಿನ ಕಟ್ಟೆ ನೆನಪಾಗುತ್ತದೆ. ಅಲ್ಲಿ ಮಾತ್ರ ಹಳ್ಳಿಯಿಂದ ರಾಷ್ಟ್ರದವರೆಗೆ ಹಂತಹಂತವಾಗಿ ಕಟ್ಟಿದ ಆ ಏಣಿಯ ತುದಿಯಲ್ಲಿ ದೊರೆ ಒಬ್ಬರೇ ಇದ್ದರು.

ನಾನು ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ. ಟೈಟ್ರೇಶನ್ ಮಾಡಿದವರಿಗೆ ಗೊತ್ತು: ಬ್ಯೂರೆಟ್ಟಿನಿಂದ ಹನಿ ಮೇಲೆ ಹನಿ ಬೀಳುತ್ತಿದ್ದರೂ ಫ್ಲಾಸ್ಕಿನಲ್ಲಿ ಏನೂ ಬದಲಾದಂತೆ ಕಾಣುವುದಿಲ್ಲ. ಕೊನೆಯ ಒಂದು ಹನಿಗೆ ಬಣ್ಣ ತಿರುಗುತ್ತದೆ. ಆ ಒಂದೇ ಹನಿಯನ್ನು ಲೆಕ್ಕ ಬರೆದರೆ ಉತ್ತರ ತಪ್ಪುತ್ತದೆ. ಚಳವಳಿಗಳ ಲೆಕ್ಕವೂ ಹಾಗೆಯೇ.

ಮೊದಲ ಹನಿಗಳು ಬಿದ್ದದ್ದು ನಿಮ್ಮ ವಯಸ್ಸಿನವರಿಂದ. 1979ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಾಗ ದೊರೆ ಬೀರೇಂದ್ರ ಜನಮತಗಣನೆಗೆ ಒಪ್ಪಿದರು. 1980ರ ಮೇ 2ರಂದು ನೂರಕ್ಕೆ ಸುಮಾರು 55 ಮತಗಳು ಸುಧಾರಿತ ಪಂಚಾಯತ್ ವ್ಯವಸ್ಥೆಯ ಪರವಾಗಿ, 45 ಬಹುಪಕ್ಷ ಪದ್ಧತಿಯ ಪರವಾಗಿ ಬಿದ್ದವು. ಅರಮನೆ ಗೆದ್ದೆನೆಂದುಕೊಂಡಿತು. ಆದರೆ ಪಕ್ಷಗಳೇ ಕಾನೂನುಬಾಹಿರವಾಗಿದ್ದ ದೇಶದಲ್ಲಿ ನೂರಕ್ಕೆ 45 ಮಂದಿ ಪಕ್ಷಗಳು ಬೇಕೆಂದಿದ್ದರು! 1985ರಲ್ಲಿ ನೇಪಾಳಿ ಕಾಂಗ್ರೆಸ್ ಸತ್ಯಾಗ್ರಹ ಹೂಡಿತು. 1989ರ ಮಾರ್ಚ್‌ನಲ್ಲಿ ಭಾರತದೊಡನೆ ಇದ್ದ ವಾಣಿಜ್ಯ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದು ಗಡಿಯ ಬಹುತೇಕ ಸಾಗಣೆ ದಾರಿಗಳು ಮುಚ್ಚಿದವು. ಸೀಮೆಎಣ್ಣೆಗೆ ತತ್ವಾರವಾಯಿತು. ಅಡುಗೆಮನೆಯ ಕಷ್ಟ ರಾಜಕೀಯದ ಪ್ರಶ್ನೆಯಾಯಿತು.

1990ರ ಫೆಬ್ರವರಿ 18ರಂದು ಚಳವಳಿ ಆರಂಭವಾಯಿತು. ಅದು ನೇಪಾಳದ ಪ್ರಜಾತಂತ್ರ ದಿನ. 1951ರಲ್ಲಿ ರಾಣಾ ಮನೆತನದ ಆಳ್ವಿಕೆ ಕೊನೆಗೊಂಡ ದಿನ. ಗಣೇಶ್ ಮಾನ್ ಸಿಂಗ್ ನೇತೃತ್ವದ ಕಾಂಗ್ರೆಸ್ಸೂ, ಸಹನಾ ಪ್ರಧಾನ್ ಅಧ್ಯಕ್ಷತೆಯಲ್ಲಿ ಏಳು ಕಮ್ಯುನಿಸ್ಟ್ ಗುಂಪುಗಳು ಕಟ್ಟಿಕೊಂಡ ಸಂಯುಕ್ತ ಎಡರಂಗವೂ ಹಳೆಯ ಜಗಳ ಬದಿಗಿಟ್ಟು ಒಂದಾದವು. ಒಂದು ಮಾತನ್ನು ಇಲ್ಲಿ ಗಮನಿಸಿ: ಅವರ ಮುಖ್ಯ ಬೇಡಿಕೆ ದೊರೆ ಹೋಗಲಿ ಎಂಬುದಾಗಿರಲಿಲ್ಲ, ಪಕ್ಷಗಳ ಮೇಲಿನ ನಿಷೇಧ ಹೋಗಲಿ, ದೊರೆ ಸಂವಿಧಾನದ ಮಿತಿಯೊಳಗೆ ಇರಲಿ ಎಂಬುದಾಗಿತ್ತು.

ಸಾಹಿತಿಗಳು ತ್ರಿಚಂದ್ರ ಕಾಲೇಜಿನ ಬಳಿ ಬಾಯಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಮೌನವಾಗಿ ಕುಳಿತು ಬಂಧನಕ್ಕೊಳಗಾದರು. ವೈದ್ಯರು ಮುಷ್ಕರ ಹೂಡಿದರು. ಸರ್ಕಾರಿ ನೌಕರರೂ ಕೆಲಸ ನಿಲ್ಲಿಸಿದರು. ಪಾಟನ್ ಪಟ್ಟಣದವರು ದಾರಿಗೆ ಅಡ್ಡಲಾಗಿ ಕಂದಕ ತೋಡಿ ಪೊಲೀಸರನ್ನು ದಿನಗಟ್ಟಲೆ ಹೊರಗಿಟ್ಟರು.

ಏಪ್ರಿಲ್ 6ರ ಬೆಳಿಗ್ಗೆ ದೊರೆ ಪ್ರಕಟಣೆ ಹೊರಡಿಸಿದರು. ಪ್ರಧಾನಿ ಬದಲಾದರು, ಮಾತುಕತೆಯ ಭರವಸೆಯೂ ಬಂತು. ಪಕ್ಷಗಳ ನಿಷೇಧ ಮಾತ್ರ ಹೋಗಲಿಲ್ಲ. ಆ ಮಧ್ಯಾಹ್ನ ಜನಸಾಗರ ದರ್ಬಾರ್ ಮಾರ್ಗದಲ್ಲಿ ಅರಮನೆಯತ್ತ ನಡೆಯಿತು. ಗುಂಡು ಹಾರಿತು, ಹಲವರು ಸತ್ತರು. ಊರಿಗೆ ಕರ್ಫ್ಯೂ ಬಿತ್ತು. ಎರಡು ದಿನಗಳ ನಂತರ, 8ರ ರಾತ್ರಿ, ಪ್ರತಿಪಕ್ಷದ ನಾಯಕರು ಅರಮನೆಯಲ್ಲಿ ದೊರೆಯನ್ನು ಕಂಡರು. ನಿಷೇಧ ತೆಗೆದ ಸುದ್ದಿ ಆ ರಾತ್ರಿಯೇ ದೂರದರ್ಶನದಲ್ಲಿ ಬಂತು. ಮೂವತ್ತು ವರ್ಷ ಪಕ್ಷದ ಹೆಸರೆತ್ತಲು ಹೆದರುತ್ತಿದ್ದ ಮನೆಗಳಲ್ಲಿ, ಸರ್ಕಾರದ ಪರದೆಯೇ ಅದನ್ನು ಒಪ್ಪಿಕೊಂಡ ಗಳಿಗೆ ಹೇಗಿದ್ದೀತು! ಈ ವೃತ್ತಿಯಲ್ಲಿರುವ ನಾನು ಅದನ್ನು ಆಗಾಗ ಊಹಿಸಿಕೊಳ್ಳುತ್ತೇನೆ.

ಏಪ್ರಿಲ್ 19ರಂದು ಕೃಷ್ಣಪ್ರಸಾದ್ ಭಟ್ಟರಾಯ್ ಪ್ರಧಾನಿಯಾದರು. ನವೆಂಬರ್ 9ರಂದು ಹೊಸ ಸಂವಿಧಾನ ಬಂತು. ಸಾರ್ವಭೌಮತ್ವ ಜನರದೆಂದು ಅದರಲ್ಲಿ ಬರೆದಿತ್ತು. ಹಾಗಾದರೆ ಪ್ರಶ್ನೆ ಬಗೆಹರಿಯಿತೇ? ಪೂರ್ತಿಯಾಗಿ ಅಲ್ಲ. ಸೇನೆಯ ಪರಮಾಧಿಕಾರಿಯಾಗಿ ದೊರೆಯೇ ಉಳಿದರು. ಅಡಚಣೆ ನಿವಾರಿಸಲು ಆದೇಶ ಹೊರಡಿಸುವ ಅಧಿಕಾರವೂ 127ನೆಯ ವಿಧಿಯಲ್ಲಿ ಅವರಿಗೆ ಉಳಿಯಿತು. 1996ರಲ್ಲಿ ಮಾವೋವಾದಿಗಳ ಸಶಸ್ತ್ರ ದಂಗೆ ಆರಂಭವಾಯಿತು. 2001ರಲ್ಲಿ ಅರಮನೆಯ ಹತ್ಯಾಕಾಂಡದಲ್ಲಿ ಬೀರೇಂದ್ರ ತೀರಿಕೊಂಡರು. ನಂತರ ದೊರೆಯಾದ ಜ್ಞಾನೇಂದ್ರ 2002ರಲ್ಲಿ ಇದೇ ವಿಧಿಯನ್ನು ಬಳಸಿ ಪ್ರಧಾನಿಯನ್ನು ವಜಾ ಮಾಡಿದರು. 2005ರ ಫೆಬ್ರವರಿ 1ರಂದು ಅಧಿಕಾರವನ್ನೆಲ್ಲ ತಮ್ಮ ಕೈಗೆ ತೆಗೆದುಕೊಂಡರು. 2006ರ ಏಪ್ರಿಲ್‌ನಲ್ಲಿ ಜನ ಮತ್ತೆ ಹತ್ತೊಂಬತ್ತು ದಿನ ಬೀದಿಯಲ್ಲಿ ನಿಂತರು. ಈ ಸಲದ ಕೂಗು ಸುಧಾರಣೆಯಲ್ಲಿ ನಿಲ್ಲಲಿಲ್ಲ. 2008ರ ಮೇ 28ರಂದು ನೇಪಾಳ ಗಣರಾಜ್ಯವಾಯಿತು. 1990ರಲ್ಲಿ ಜನ ಕೇಳಿದ್ದು ಪಾಲು. ಅದನ್ನು ಮನಸ್ಸಿಟ್ಟು ಕೊಡದ ಅರಮನೆ ಕೊನೆಗೆ ಪೂರ್ತಿ ಕಳೆದುಕೊಂಡಿತು.

ಗಣರಾಜ್ಯವಾದ ಮಾತ್ರಕ್ಕೆ ಪ್ರಶ್ನೆಗಳು ಮುಗಿಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಭ್ರಷ್ಟಾಚಾರದ ವಿರುದ್ಧ ಅಲ್ಲಿನ ಯುವಜನ ಬೀದಿಗಿಳಿದಾಗ ಕುರ್ಚಿ ಬಿಟ್ಟವರು ಜನರಿಂದ ಆರಿಸಿ ಬಂದ ಪ್ರಧಾನಿ.

ಮುಂದೆ ಎಂದಾದರೂ ಕರೆಂಟು ಹೋದಾಗ ನಿಮ್ಮಲ್ಲೇ ಕೇಳಿಕೊಳ್ಳಿ: ಆಳುವವರ ಕೈಯಲ್ಲಿ ಸೇನೆಯಿದೆ, ಸೆರೆಮನೆಯಿದೆ, ಹಾಗಿದ್ದೂ ಜನ ಒಟ್ಟಾಗಿ ದೀಪ ಆರಿಸಿದರೆ ಅವರೇಕೆ ಅಂಜುತ್ತಾರೆ? ಉತ್ತರ ಹೊಳೆದರೆ ಈ ಪಾಠ ನಿಮಗೆ ದಕ್ಕಿತೆಂದೇ ಅರ್ಥ.