ಸೆರೆಯಲ್ಲೂ ನಿಲ್ಲದ ಆಟ

ಪಾಠ ಹೇಳಲು ಕರೆಸಿಕೊಂಡ ದೇಶವೇ ಗುರುವನ್ನು ಸೆರೆಯಲ್ಲಿಟ್ಟ ಸಂಗತಿಯನ್ನು ನೀವು ಕೇಳಿದ್ದೀರಾ? ಸ್ಟೀವ್ ಬ್ಲೂಮರ್ ಇಂಗ್ಲೆಂಡಿನ ಪರವಾಗಿ 23 ಫುಟ್‌ಬಾಲ್ ಪಂದ್ಯಗಳಲ್ಲಿ 28 ಗೋಲು ಹೊಡೆದವರು. ಡರ್ಬಿ ಕೌಂಟಿ ತಂಡದಲ್ಲಿ ಆಟ ಮುಗಿಸಿ, 1914ರ ಜುಲೈನಲ್ಲಿ ತರಬೇತುದಾರರಾಗಿ ಬರ್ಲಿನ್ನಿಗೆ ಹೋದರು. ಕೆಲವೇ ವಾರಗಳಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಶತ್ರುದೇಶದ ಪ್ರಜೆಯೆಂದು ಅವರನ್ನು ಬಂಧಿಸಿ, ರೂಲೆಬೆನ್ ಶಿಬಿರಕ್ಕೆ ಕಳುಹಿಸಲಾಯಿತು. ಅದು ಕುದುರೆ ಜೂಜಿನ ಮೈದಾನ. ಕುದುರೆ ಲಾಯಗಳೇ ಬಂದಿಗಳ ವಸತಿ. ಅಲ್ಲಿಯೂ ಬಂದಿಗಳು ಫುಟ್‌ಬಾಲ್ ಸಂಘ ಕಟ್ಟಿ ಪಂದ್ಯಾವಳಿ ನಡೆಸಿದರು. ನಲವತ್ತು ದಾಟಿದ ಬ್ಲೂಮರ್ ಅವರೂ ಆಡಿದರು. ಅವರಿಗೆ ಬಿಡುಗಡೆ ದೊರೆತದ್ದು 1918ರಲ್ಲಿ. ಮುಂದೆ 1924ರಲ್ಲಿ ಅವರ ತರಬೇತಿ ಪಡೆದ ರಿಯಲ್ ಯೂನಿಯನ್ ತಂಡ ಸ್ಪೇನಿನ ರಾಜನ ಕಪ್ ಗೆದ್ದಿತು. ನೋಡಿ, ಯುದ್ಧ ಅವರ ವರ್ಷಗಳನ್ನು ಕಸಿದುಕೊಂಡಿತು; ಕಲಿಸುವ ಹುಮ್ಮಸ್ಸನ್ನಲ್ಲ.