ಪಾರಿಜಾತದ ಜಗಳ, ಜಪಾನಿನಲ್ಲೂ

'ಹ್ಯಾರಮ್' ಅಂದ ಕೂಡಲೇ ನಮ್ಮ ವಯಸ್ಸಿನವರಿಗೆ ನೆನಪಾಗೋದು ಸುಲ್ತಾನರ ಜನಾನಾ. ಡೊಂಬಿವಲಿಯ ನಮ್ಮ ಮನೆಯಲ್ಲಿ ಮಗಳು ನೋಡುವ ಜಪಾನಿ ಅನಿಮೆಗಳಲ್ಲೂ ಈ ಹೆಸರಿನದೊಂದು ಜಾತಿ ಇದೆ. ಒಬ್ಬ ಹುಡುಗ, ಅವನನ್ನು ಮೆಚ್ಚುವ ನಾಲ್ಕೈದು ಹುಡುಗಿಯರು. ಆದರೆ ಇಲ್ಲಿ ಅವನು ಸುಲ್ತಾನನಲ್ಲ ಸ್ವಾಮಿ, ಎಲ್ಲರಿಂದಲೂ ಬೈಸಿಕೊಳ್ಳುವ ಪ್ರಾಣಿ!

ಥಾಣೆಯಲ್ಲಿ ಗಡ್ಕರಿ ರಂಗಾಯತನ ತೆರೆದ 1978ರಲ್ಲೇ ಅತ್ತ ಜಪಾನಿನಲ್ಲಿ ರುಮಿಕೊ ತಕಹಾಶಿ ಎಂಬ ಹೆಣ್ಣುಮಗಳು 'ಉರುಸೆಯ್ ಯಾತ್ಸುರಾ' ಚಿತ್ರಕಥೆ ಶುರು ಮಾಡಿದರು. 1981ರಲ್ಲಿ ಅದು ಟಿವಿಗೆ ಬಂತು. ಕಂಡ ಹುಡುಗಿಯರ ಬೆನ್ನು ಹತ್ತುವ ಪೋರನಿಗೆ ಬೇರೆ ಗ್ರಹದಿಂದ ಬಂದ ಲಮ್ ಕರೆಂಟ್ ಶಾಕ್ ಕೊಡುತ್ತಾಳೆ. 1998ರಲ್ಲಿ ಶುರುವಾದ 'ಲವ್ ಹಿನಾ'ದ ನಾಯಕ ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಫೇಲಾದವನು, ಅಜ್ಜಿಯ ಹುಡುಗಿಯರ ಹಾಸ್ಟೆಲ್ ನೋಡಿಕೊಳ್ಳುತ್ತಾನೆ. 2017ರ 'ಕ್ವಿಂಟೆಸೆನ್ಷಿಯಲ್ ಕ್ವಿಂಟಪ್ಲೆಟ್ಸ್'ನವನು ಮನೆಯ ಸಾಲ ತೀರಿಸಲು ಐವರು ಅಕ್ಕತಂಗಿಯರಿಗೆ ಪಾಠ ಹೇಳುತ್ತಾನೆ. (ಸಾಲ ಅಂದಮೇಲೆ ನನ್ನಂಥ ಬ್ಯಾಂಕಿನವನು ಕಿವಿ ನಿಮಿರಿಸಲೇಬೇಕಲ್ಲ!) ಪರೀಕ್ಷೆ, ಸಾಲ, ಅಡುಗೆಮನೆ ಎಲ್ಲ ಊರಲ್ಲೂ ಇರುವಂಥವೇ. ಹಾಗಾಗಿ ಜಪಾನೀ ಬಾರದವರಿಗೂ ಕಥೆ ಒಗ್ಗುತ್ತದೆ.

ಈ ಜಗಳ ನಮಗೇನು ಹೊಸದೇ? ಬೆಳಗಾವಿ, ಬಾಗಲಕೋಟೆ ಕಡೆಯವರು ಶ್ರೀಕೃಷ್ಣ ಪಾರಿಜಾತ ನೆನೆಸಿಕೊಳ್ಳಿ. ಅಪರಾಳ ತಮ್ಮಣ್ಣ ಬರೆದದ್ದನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಬೆಳೆಸಿ ಆಡಿಸಿದ. ಮುಂದೆ ಕೌಜಲಗಿ ನಿಂಗಮ್ಮ ಅದರಲ್ಲೇ ಹೆಸರಾದರು. ನಾರದ ತಂದ ಒಂದು ಹೂವು, ಅದು ರುಕ್ಮಿಣಿಗೆ ಹೋಯಿತು, ಸತ್ಯಭಾಮೆಗೆ ಸಿಟ್ಟು ಬಂತು. ಅಷ್ಟೇ ಕಥೆ. ಆದರೂ ಜನ ಬೆಳಗಿನ ತನಕ ಕೂತು ನೋಡುತ್ತಿದ್ದರು. ಕೃಷ್ಣನನ್ನು ನೋಡೋಕಲ್ಲ, ಭಾಮೆ ಹೇಗೆ ಮುನಿಯುತ್ತಾಳೆ, ಅವನ ಮುಖ ಹೇಗೆ ಸಣ್ಣದಾಗುತ್ತದೆ ಅಂತ ನೋಡೋಕೆ. ಜಗದೊಡೆಯ ಹೆಂಡತಿಯ ಬಾಗಿಲಲ್ಲಿ ನಿಂತು ಗೋಗರೆಯುವುದನ್ನು ಕಂಡರೆ ಹೊಲದಿಂದ ದಣಿದು ಬಂದ ಗಂಡಸಿಗೂ, ಅವನ ಹೆಂಡತಿಗೂ ನಗು ಬರದೇ ಇರುತ್ತದೆಯೇ?

ಹೊರಗೆ ಮುಳ್ಳು, ಒಳಗೆ ಮೆದು ಸ್ವಭಾವದ ಹುಡುಗಿಗೆ ಜಪಾನೀಯರು 'ತ್ಸುಂದೆರೆ' ಅನ್ನುತ್ತಾರಂತೆ. ಭಾಮೆಯ ಕಥೆ ಹೇಳಿದಾಗ ಕನ್ನಡ ಓದಲು ಬಾರದ ನನ್ನ ಮಗಳು ಥಟ್ಟನೆ ಕೊಟ್ಟ ಹೆಸರು ಅದು. ಇಪ್ಪತ್ತು ವರ್ಷದಲ್ಲಿ ಪಾರಿಜಾತವನ್ನು ಅವಳಿಗೆ ದಾಟಿಸಲು ನನಗೆ ಸಿಕ್ಕ ಮೊದಲ ಸೇತುವೆ ಇದೇ ಅಂದರೆ ನೀವು ನಗಬಹುದು.

ಎಲ್ಲ ಅನಿಮೆಗಳೂ ಹೀಗಿಲ್ಲ. ಹುಡುಗಿಯರನ್ನು ಅಂಗಡಿಯ ಗೊಂಬೆಗಳಂತೆ ಸಾಲಾಗಿ ನಿಲ್ಲಿಸಿ, ಅಂಗಾಂಗ ತೋರಿಸುವುದೇ ಕೆಲಸವಾದವು ಬೇಕಾದಷ್ಟಿವೆ. ಅವು ಎರಡನೇ ಕಂತಿಗೇ ಸಪ್ಪೆ. ಒಬ್ಬೊಬ್ಬಳಿಗೂ ಅವಳದೇ ಮಾತು, ಹಟ, ಕನಸು ಇದ್ದರೆ ಮಾತ್ರ ನಾವು ಯಾರದೋ ಒಬ್ಬಳ ಪಕ್ಷ ಹಿಡಿಯುತ್ತೇವೆ. ಪಕ್ಷ ಹಿಡಿದ ಮೇಲೆ ಬಿಟ್ಟೇಳೋದು ಕಷ್ಟ.

ನಾನಂತೂ ಭಾಮೆಯ ಪಕ್ಷ. ಮಗಳು ರುಕ್ಮಿಣಿಯದು. ಕಲ್ಯಾಣ, ವಾಶಿ ಕಡೆಯ ಓದುಗರೇ, ನಿಮ್ಮ ಮನೆಯಲ್ಲಿ ಯಾರು ಯಾರ ಕಡೆ?